ಗುಡ್ಡದ ಮೇಲಿನ ಕೀಟ ಸಂಗ್ರಹ: ತಂಡ ಸೇರುವುದರಿಂದ ಪೆಟ್ಟಿಗೆ ಒಪ್ಪಿಸುವವರೆಗೆ

ಕೊಡಚಾದ್ರಿ, ಕುದುರೆಮುಖ, ಆಗುಂಬೆ ಕಡೆಗೆ ಕೀಟ ಸಂಗ್ರಹಕ್ಕೆ ಹೊರಡುವ ತಂಡಗಳಲ್ಲಿ ಹೊಸಬರು ಎಡವುವುದು ಹೆಚ್ಚುಕಡಿಮೆ ನಾಲ್ಕೇ ಕಡೆ. ಅನುಮತಿ ಪತ್ರದಲ್ಲಿ ಹೆಸರಿಲ್ಲದೆ ಚೆಕ್‌ಪೋಸ್ಟಿನಿಂದಲೇ ವಾಪಸ್ಸಾಗುತ್ತಾರೆ. ಹಿಡಿದ ಹುಳಕ್ಕೆ ಅದೇ ರಾತ್ರಿ ಲೇಬಲ್ ಬರೆಯುವುದಿಲ್ಲ. ತಂದದ್ದನ್ನು ಒಣಗಿಸದೆ ಮುಚ್ಚಿಟ್ಟು, ಹದಿನೈದು ದಿನ ಬಿಟ್ಟು ತೆರೆದಾಗ ಬೂಷ್ಟು ನೋಡುತ್ತಾರೆ. ಕೊನೆಯದು, ಕಾಯಿಲೆ ಹರಡುವ ಉಣುಗಿನ (ಉಣ್ಣೆಹುಳ) ಬಗ್ಗೆ 'ಉಣುಗು ತಾನೇ' ಎಂಬ ಉಡಾಫೆ. ಬಲೆ ಬೀಸುವುದನ್ನು ಯಾರಾದರೂ ಅರ್ಧ ದಿನದಲ್ಲಿ ಕಲಿಯುತ್ತಾರೆ. ಉಳಿದ ಕೆಲಸಕ್ಕೆ ಒಂದು ಕ್ರಮ ಇದೆ, ಆ ಕ್ರಮ ತಪ್ಪಿದರೆ ಹತ್ತಿದ ಗುಡ್ಡ ದಂಡ. ಆದ್ದರಿಂದ ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡಬೇಡಿ.

ಹಂತ 1: ಕಾಗದಪತ್ರ ಮೊದಲು, ಬಲೆ ಆಮೇಲೆ

ಹುಳಕ್ಕೂ ಅನುಮತಿ ಬೇಕಾ ಎಂದು ಕೇಳುವವರು ಬಹಳ. ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ 'ಪ್ರಾಣಿ' ಎಂದರೆ ಬೆನ್ನುಮೂಳೆ ಇಲ್ಲದ ಜೀವಿಗಳೂ ಸೇರಿದವು. ಕೊಡಚಾದ್ರಿ ಇರುವುದು ಮೂಕಾಂಬಿಕಾ ವನ್ಯಜೀವಿಧಾಮದೊಳಗೆ, ಕುದುರೆಮುಖ ರಾಷ್ಟ್ರೀಯ ಉದ್ಯಾನ. ಇಂಥ ಕಡೆ ಸಂಶೋಧನೆಗೆ ಒಳಗೆ ಹೋಗಲು ಒಂದು ಅನುಮತಿ, ಅಲ್ಲಿಂದ ಜೀವಿಯನ್ನು ಹೊರಗೆ ತರಲು ಇನ್ನೊಂದು ಅನುಮತಿ. ಎರಡನ್ನೂ ಕೊಡುವುದು ಬೆಂಗಳೂರಿನ ಅರಣ್ಯ ಭವನದಲ್ಲಿರುವ ಮುಖ್ಯ ವನ್ಯಜೀವಿ ಪರಿಪಾಲಕರ ಕಚೇರಿ. ಮೊದಲನೆಯದು ಮಾತ್ರ ಇಟ್ಟುಕೊಂಡು ಹುಳ ಹಿಡಿದರೆ ಅಪರಾಧ.

ಅರ್ಜಿ ವ್ಯಕ್ತಿಯ ಹೆಸರಿನಲ್ಲಿ ಹೋದರೆ ಅಲ್ಲೇ ಕೂರುತ್ತದೆ. ವಿಶ್ವವಿದ್ಯಾಲಯದ ಅಥವಾ ಸಂಶೋಧನಾ ಸಂಸ್ಥೆಯ ಮೂಲಕ, ತಂಡದ ಮುಖ್ಯಸ್ಥರ ಸಹಿಯೊಂದಿಗೆ ಹೋಗಬೇಕು. ಅರ್ಜಿಯಲ್ಲಿ ಇರಬೇಕಾದದ್ದು: ಯಾವ ಗುಂಪಿನ ಕೀಟ, ಒಂದೊಂದು ಜಾತಿಯದ್ದು ಗರಿಷ್ಠ ಎಷ್ಟು, ಯಾವ ವಿಧಾನ, ಯಾವ ವಲಯ, ಯಾವ ತಿಂಗಳು, ಮಾದರಿಗಳು ಕೊನೆಗೆ ಯಾವ ಸಂಗ್ರಹಾಲಯ ಸೇರುತ್ತವೆ, ಮತ್ತು ಕಾಡಿಗೆ ಇಳಿಯುವ ಪ್ರತಿಯೊಬ್ಬರ ಹೆಸರು. ಈ ಕೊನೆಯ ಸಾಲಿಗಾಗಿಯೇ ನೀವು ತಂಡವನ್ನು ಬೇಗ ಸೇರಬೇಕು. ಅರ್ಜಿ ಹೋದ ಮೇಲೆ ಸೇರಿದವರ ಹೆಸರು ತಾನಾಗಿ ಒಳಗೆ ಬರುವುದಿಲ್ಲ. ಪ್ರವಾಸಕ್ಕೆ ಆರು ತಿಂಗಳು ಇರುವಾಗಲೇ ಮಾತಾಡಿಕೊಳ್ಳಿ.

ಕಾಯ್ದೆಯ ಅನುಸೂಚಿಗಳಲ್ಲಿ, ಅಂದರೆ ರಕ್ಷಿತ ಜೀವಿಗಳ ಪಟ್ಟಿಗಳಲ್ಲಿ, ಹಲವು ಚಿಟ್ಟೆಗಳೂ ಕೆಲವು ದುಂಬಿಗಳೂ ಇವೆ. 2022ರ ತಿದ್ದುಪಡಿಯಲ್ಲಿ ಅನುಸೂಚಿಗಳು ಬದಲಾದವು, ಹಾಗಾಗಿ ಹಳೆಯ ಪಟ್ಟಿ ನೋಡಿ ನಡೆಯಬೇಡಿ. ಹೊಸದನ್ನು ಅಚ್ಚು ಹಾಕಿಸಿ, ನಿಮ್ಮ ಗುಂಪಿನ ಹೆಸರುಗಳಿಗೆ ಗೆರೆ ಎಳೆದು ಚೀಲದಲ್ಲಿಡಿ. ತಂಡದಲ್ಲಿ ವಿದೇಶಿಯರಿದ್ದರೆ ಅಥವಾ ಮಾದರಿ ದೇಶದ ಹೊರಗೆ ಹೋಗುವುದಿದ್ದರೆ 2002ರ ಜೀವವೈವಿಧ್ಯ ಕಾಯ್ದೆಯೂ ಬಂದು ಕೂರುತ್ತದೆ. ಅದು ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ದಾರಿ, ತಂಡದ ಮುಖ್ಯಸ್ಥರೇ ನಡೆಯಬೇಕಾದದ್ದು.

ಅನುಮತಿ ಬಂದಮೇಲೂ ಕೆಲಸ ಮುಗಿದಿಲ್ಲ. ಪ್ರತಿಯನ್ನು ವಲಯ ಅರಣ್ಯಾಧಿಕಾರಿಗೆ ಖುದ್ದಾಗಿ ಕೊಟ್ಟು, ರಾತ್ರಿ ದೀಪ ಹಾಕುವ ಜಾಗವನ್ನು ನಕ್ಷೆಯಲ್ಲಿ ತೋರಿಸಿ ಬನ್ನಿ. ಗುಡ್ಡದ ಮೇಲೆ ನಡುರಾತ್ರಿ ಬೆಳಕು ಕಂಡರೆ ಊರಿನವರು ಬೇಟೆಯವರೆಂದೇ ಅಂದುಕೊಳ್ಳುತ್ತಾರೆ, ಅದು ಅವರ ತಪ್ಪಲ್ಲ. ಹತ್ತಿರದ ಮನೆಗೂ ಒಂದು ಮಾತು ಹೇಳಿರಬೇಕು.

ಹಂತ 2: ತಂಡದವರಿಗೆ ಏನೆಂದು ಬರೆಯುವುದು

'ನನಗೆ ಪ್ರಕೃತಿ ಎಂದರೆ ಇಷ್ಟ' ಎಂದು ಬರೆದ ಪತ್ರಕ್ಕೆ ಉತ್ತರ ಬರುವುದು ಕಡಿಮೆ. ತಂಡಕ್ಕೆ ಬೇಕಾದದ್ದು ಕೈಕೆಲಸ. ಯಾವ ಕೆಲಸವನ್ನು ಪೂರ್ತಿ ಹೊತ್ತುಕೊಳ್ಳುತ್ತೀರಿ ಎಂದು ಬರೆಯಿರಿ: ಲೇಬಲ್ ಮತ್ತು ವಹಿ, ಪಿನ್ ಮಾಡುವುದು, ಜನರೇಟರ್ ಮತ್ತು ದೀಪ, ಅಡುಗೆ ಮತ್ತು ಸಾಮಾನು. ಮಲೆನಾಡಿನವರಿಗೆ ಇಲ್ಲೊಂದು ಮೇಲುಗೈ ಇದೆ. ಕಾನಿನ ದಾರಿ, ಹಳ್ಳ ಯಾವಾಗ ಏರುತ್ತದೆ ಎನ್ನುವುದು, ಊರಿನವರ ಜೊತೆ ಮಾತು, ಇವು ಹೊರಗಿನಿಂದ ಬಂದ ತಜ್ಞರ ಹತ್ತಿರ ಇರುವುದಿಲ್ಲ. ನಾಚಿಕೆ ಬಿಟ್ಟು ಬರೆಯಿರಿ.

ಹೇಳುವ ಮೊದಲು ಕಲಿತಿರಬೇಕು. ಮನೆಯ ದೀಪಕ್ಕೆ ಬಂದು ಸತ್ತುಬಿದ್ದ ಪತಂಗ, ದುಂಬಿ, ಮಿಡತೆಗಳನ್ನೇ 50 ಪಿನ್ ಮಾಡಿ, ಲೇಬಲ್ ಹಾಕಿ, ಫೋಟೊ ಕಳಿಸಿ. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದಲ್ಲಿ ಕೀಟಶಾಸ್ತ್ರ ಓದುವವರಿಗೆ ಸಂಗ್ರಹ ಮಾಡುವುದು ಪಾಠದ ಭಾಗವೇ. ಅಂಥ ಒಬ್ಬರ ಪಕ್ಕದಲ್ಲಿ ಎರಡು ಮಧ್ಯಾಹ್ನ ಕೂತರೆ ಯಾವ ವೀಡಿಯೊವೂ ಬೇಡ.

ಹಂತ 3: ತಿಂಗಳು, ತಿಥಿ, ವಾರ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಡ್ಡದ ನೆತ್ತಿಯಲ್ಲಿ ದೀಪ ನಿಲ್ಲುವುದಿಲ್ಲ, ಬಲೆ ಒಣಗುವುದಿಲ್ಲ. ಕೆಲಸ ಆಗುವ ಕಾಲ ಎರಡು: ಮೊದಲ ಮಳೆ ಬಿದ್ದ ಏಪ್ರಿಲ್ ಕೊನೆ ಮತ್ತು ಮೇ, ಹಾಗೂ ಮಳೆ ಹಿಂದಾದ ಮೇಲಿನ ಸೆಪ್ಟೆಂಬರ್ ಕೊನೆಯಿಂದ ನವೆಂಬರ್. ಮೊದಲ ಮಳೆಗೆ ದುಂಬಿ, ರೆಕ್ಕೆ ಬಂದ ಗೆದ್ದಲು, ಮಿಂಚುಹುಳ ಒಟ್ಟಿಗೆ ಏಳುತ್ತವೆ. ಆದರೆ ಗುಡುಗು ಮತ್ತು ಉಣುಗಿನ ಕಾಲವೂ ಅದೇ. ಹೊಸಬರಿಗೆ ಅಕ್ಟೋಬರ್ ಮೇಲು.

ರಾತ್ರಿ ಕೆಲಸಕ್ಕೆ ಅಮಾವಾಸ್ಯೆಯ ಹಿಂದೆ ಮುಂದೆ ನಾಲ್ಕೈದು ದಿನ. ಹುಣ್ಣಿಮೆಯಲ್ಲಿ ಪರದೆಗೆ ಬರುವ ಪತಂಗ ಎದ್ದುಕಾಣುವಷ್ಟು ಕಡಿಮೆ. ಗಾಳಿಯಿಲ್ಲದ, ಮೋಡ ಮುಚ್ಚಿದ, ಸೆಕೆಯ ರಾತ್ರಿ ಸಿಕ್ಕರೆ ನಿದ್ದೆಯ ಆಸೆ ಬಿಡಿ. ಕೊಡಚಾದ್ರಿಗೆ ವಾರದ ಕೊನೆಯಲ್ಲಿ, ನವರಾತ್ರಿಯಲ್ಲಿ ಹೋಗಬೇಡಿ. ಕೊಲ್ಲೂರಿಗೆ ಬಂದವರ ಜೀಪು ಮೇಲೆ ಸಾಲುಗಟ್ಟಿರುತ್ತದೆ, ಪರದೆಯ ಮುಂದೆ ಸೆಲ್ಫಿಯವರೇ ಹೆಚ್ಚಾಗುತ್ತಾರೆ.

ಹಂತ 4: ಸಾಮಾನು

ನಾಲ್ಕು ದಿನಕ್ಕೆ ಒಬ್ಬರ ಪಾಲಿನದು ಇಷ್ಟು:

ಹಾರುವ ಹುಳಕ್ಕೆ ತೆಳು ಬಲೆ ಒಂದು. ಬಾಯಿ 35 ಸೆಂ.ಮೀ. ಅಗಲವಿದ್ದರೆ ಚೀಲದ ಆಳ 75 ಸೆಂ.ಮೀ. ಇರಬೇಕು, ಬೀಸಿದ ಮೇಲೆ ಕೈ ತಿರುಗಿಸಿ ಬಾಯಿ ಮಡಚಲು ಅಷ್ಟು ಬೇಕು. ಹುಲ್ಲಿನ ಮೇಲೆ ಬೀಸಲು ದಪ್ಪ ಹತ್ತಿಬಟ್ಟೆಯ ಬಲೆ ಬೇರೆಯೇ. ತೆಳು ಬಲೆಯನ್ನು ಹುಲ್ಲಿನಲ್ಲಿ ಬೀಸಿದರೆ ಒಂದೇ ದಿನಕ್ಕೆ ಮುಳ್ಳಿಗೆ ಸಿಕ್ಕಿ ಹರಿಯುತ್ತದೆ.

ಗಿಡ ಬಡಿದು ಉದುರಿಸಲು ಒಂದು ಮೀಟರ್ ಚೌಕದ ಬಿಳಿ ಬಟ್ಟೆ, ಅಡ್ಡಕ್ಕೆ ಎರಡು ಕೋಲು. ಕೊಡೆ ತಲೆಕೆಳಗು ಹಿಡಿಯಿರಿ ಎಂದು ಹೇಳುವವರಿದ್ದಾರೆ, ಆದರೆ ನಮ್ಮ ಕಡೆಯ ಕೊಡೆ ಕಪ್ಪು, ಸಣ್ಣ ಹುಳ ಅದರಲ್ಲಿ ಕಾಣುವುದೇ ಇಲ್ಲ.

ಬಾಯಿಂದ ಎಳೆಯುವ ಹೀರುಕೊಳವೆ: ಸಣ್ಣ ಸೀಸೆ, ಎರಡು ರಬ್ಬರ್ ನಳಿಗೆ. ನೀವು ಎಳೆಯುವ ಕಡೆಯ ನಳಿಗೆಯ ತುದಿಗೆ ತೆಳು ಬಟ್ಟೆ ಕಟ್ಟಿರಲೇಬೇಕು. ಇಲ್ಲದಿದ್ದರೆ ಹುಳ ಗಂಟಲಿಗೆ.

ತಿರುಪು ಮುಚ್ಚಳದ 5 ಮತ್ತು 20 ಮಿ.ಲೀ. ಸೀಸೆ ಒಟ್ಟು 100. ತ್ರಿಕೋನ ಮಡಿಸಿದ ಕಾಗದದ ಪೊಟ್ಟಣ 150, ಮನೆಯಲ್ಲೇ ಮಡಿಸಿಟ್ಟುಕೊಳ್ಳಿ. ಮೃದು ಚಿಮುಟ, ಚೂಪು ಚಿಮುಟ ಒಂದೊಂದು. ತಲೆದೀಪ ಎರಡು, ಕೆಂಪು ಬೆಳಕೂ ಇರುವಂಥದ್ದು. ಪೆನ್ಸಿಲ್ ನಾಲ್ಕು. ದಪ್ಪ ಹತ್ತಿಕಾಗದದ ಲೇಬಲ್ ಹಾಳೆ. ತೇವ ಹೀರುವ ಸಿಲಿಕಾ ಜೆಲ್ ಒಂದು ಕಿಲೊ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ ಎರಡು.

ಆಲ್ಕೊಹಾಲ್ ಬಗ್ಗೆ ಗೊಂದಲ ಜಾಸ್ತಿ. ರೂಪ ನೋಡಿ ಗುರುತಿಸುವ ಮಾದರಿಗೆ 70 ಶೇಕಡಾ, ಡಿಎನ್‌ಎ ತೆಗೆಯುವ ಮಾದರಿಗೆ 95 ಅಥವಾ ಮೇಲೆ. 95ರದ್ದನ್ನು 70 ಮಾಡಲು 70 ಮಿ.ಲೀ.ಗೆ 25 ಮಿ.ಲೀ. ಶುದ್ಧೀಕರಿಸಿದ ನೀರು ಸೇರಿಸಿ. ಸಂಸ್ಥೆಯ ಮೂಲಕವೇ ತರಿಸಿ. ಅಂಗಡಿಯ ಬಣ್ಣದ ಸ್ಪಿರಿಟ್ ಡಿಎನ್‌ಎ ಕೆಲಸಕ್ಕೆ ಆಗದು, ಸ್ಯಾನಿಟೈಸರ್ ಯಾವುದಕ್ಕೂ ಆಗದು, ಅದರ ಅಂಟು ಹುಳದ ಕೂದಲಿಗೆ ಮೆತ್ತಿಕೊಳ್ಳುತ್ತದೆ.

ಎಲ್ಲವನ್ನೂ ಚೀಲಕ್ಕೆ ಹಾಕುವ ಮೊದಲು ಒಳಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಇಳಿಸಿ. ಹೊರಗಿನ ರೇನ್‌ಕವರ್ ನಂಬಿ ಕೆಟ್ಟವರು ಬಹಳ, ಮಲೆನಾಡಿನ ಮಳೆ ಬೆನ್ನಿನ ಕಡೆಯಿಂದ ಒಳಗೆ ಇಳಿಯುತ್ತದೆ.

ಹಂತ 5: ಮೈಯ ತಯಾರಿ, ಮೈಯ ಕಾವಲು

ಕೊಡಚಾದ್ರಿ 1343 ಮೀಟರ್, ಕುದುರೆಮುಖ ಸುಮಾರು 1890. ಈ ಎತ್ತರಕ್ಕೆ ಉಸಿರಿನ ಕಾಯಿಲೆ ಬರುವುದಿಲ್ಲ. ಇಲ್ಲಿ ಪಳಗಿ ಮುಂದೆ ಹಿಮಾಲಯದ ತಂಡ ಸೇರುವವರಿಗೆ ಲೆಕ್ಕ ಬೇರೆ: 2500 ಮೀಟರ್ ದಾಟಿದ ಮೇಲೆ ಎತ್ತರದ ಕಾಯಿಲೆ ಯಾರಿಗೂ ಬರಬಹುದು. 3000 ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು. ತಲೆನೋವಿನ ಜೊತೆ ತೂರಾಟ, ಕೂತಲ್ಲೇ ಏದುಸಿರು ಬಂದರೆ ಬೆಳಗಾಗುವವರೆಗೆ ಕಾಯದೆ ಕೆಳಗೆ ಇಳಿಸಬೇಕು.

ಅಭ್ಯಾಸಕ್ಕೆ 10 ಕಿಲೊ ಹೊತ್ತು ಕುಂದಾದ್ರಿ ಅಥವಾ ಕವಲೇದುರ್ಗ ಹತ್ತಿ ಇಳಿಯಿರಿ. ಇಳಿಯುವಾಗ ಮೊಣಕಾಲು ನಡುಗಿದರೆ ಇನ್ನೂ ಒಂದು ತಿಂಗಳು ಬೇಕು ಎಂದರ್ಥ.

ಇಂಬಳಕ್ಕೆ ಹೆದರಬೇಡಿ. ಮೊಣಕಾಲಿನವರೆಗೆ ಬರುವ ದಟ್ಟ ನೇಯ್ಗೆಯ ಕಾಲುಚೀಲ, ಅದಕ್ಕೆ ಹೊಗೆಸೊಪ್ಪಿನ ನೀರು ಅಥವಾ ಉಪ್ಪು, ಸಾಕು. ಕಚ್ಚಿದರೆ ಉಗುರಿನಿಂದ ಬಾಯಿಯ ಕಡೆ ಸರಿಸಿ ಬಿಡಿಸಿ. ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ನಿಲ್ಲುತ್ತದೆ.

ಹೆದರಬೇಕಾದದ್ದು ಉಣುಗಿಗೆ, ಮಂಗನ ಕಾಯಿಲೆ ಹರಡುವುದು ಅದರ ಕಡಿತದಿಂದ. ಮಂಗನ ಕಾಯಿಲೆ ಮೊದಲು ಗುರುತಾದದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಡಿಸೆಂಬರ್‌ನಿಂದ ಮೇವರೆಗೆ ಅಪಾಯ ಹೆಚ್ಚು, ಆಗ ಮರಿ ಉಣುಗುಗಳು ಒಣಎಲೆಯ ಮೇಲೆ ಇರುತ್ತವೆ. ಎಲೆ ಜರಡಿ ಹಿಡಿಯುವುದು, ಪೊದೆ ಬಡಿಯುವುದು ನಮ್ಮ ಕೆಲಸವೇ ಆದ್ದರಿಂದ ನಾವು ಅವುಗಳ ಮಡಿಲಲ್ಲೇ ಕೂತ ಹಾಗೆ. ಬಿಳಿ ಅಥವಾ ತಿಳಿ ಬಣ್ಣದ ತುಂಬುತೋಳಿನ ಬಟ್ಟೆ ಹಾಕಿ, ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ. ಆರೋಗ್ಯ ಇಲಾಖೆ ಕಾಡಂಚಿನ ಊರುಗಳಲ್ಲಿ ಹಂಚುವ, ಉಣುಗು ಹತ್ತಿರ ಬಾರದಂತೆ ಮಾಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿ. ಬಿಡಾರಕ್ಕೆ ಬಂದಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಮಿಂದು, ಕಂಕುಳು, ತೊಡೆಸಂದು, ಕಿವಿಯ ಹಿಂದೆ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚೂಪು ಚಿಮುಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಬೆಂಕಿ ತಾಗಿಸುವುದು, ಎಣ್ಣೆ ಸುರಿಯುವುದು ಬೇಡ.

ಎಚ್ಚರಿಕೆಯ ಗುರುತು ಎರಡು. ದಾರಿಯಲ್ಲಿ ಸತ್ತ ಮಂಗ ಕಂಡರೆ ಆ ಜಾಗದ ಕೆಲಸ ಅಲ್ಲಿಗೇ ನಿಲ್ಲಿಸಿ, ಮುಟ್ಟದೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ವಾಪಸ್ಸಾದ ಎರಡು ವಾರದೊಳಗೆ ದಿಢೀರ್ ಜ್ವರ, ತಲೆ ಒಡೆಯುವ ನೋವು, ಮೈಕೈ ನೋವು ಬಂದರೆ 'ಮಳೆಯಲ್ಲಿ ನೆಂದದ್ದಕ್ಕೆ' ಎಂದು ಸುಮ್ಮನಿರಬೇಡಿ. ಯಾವ ಕಾಡಿಗೆ ಹೋಗಿದ್ದಿರಿ ಎಂದು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ.

ಹಾವಿನ ವಿಷಯ ಚಿಕ್ಕದು. ಮರದ ದಿಮ್ಮಿ, ಕಲ್ಲು ಎತ್ತುವಾಗ ನಿಮ್ಮ ಕಡೆಗೆ ಎತ್ತಿ, ಅಂದರೆ ಕಲ್ಲು ನಿಮಗೂ ಅಡಿಯಲ್ಲಿರುವುದಕ್ಕೂ ನಡುವೆ ಇರುತ್ತದೆ. ಕೈ ಹಾಕಬೇಡಿ, ಕೊಕ್ಕೆ ಹಾಕಿ. ಇಲ್ಲಿನ ಸಣ್ಣ ಗುಳಿಮಂಡಲಗಳು ಒಣಎಲೆಯ ಬಣ್ಣದಲ್ಲೇ ಇರುತ್ತವೆ. ನಮ್ಮ ಆಸ್ಪತ್ರೆಗಳ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಕ್ಕೆ ಮಾಡಿದ್ದು. ಗುಳಿಮಂಡಲಕ್ಕೆ ಅದು ನಾಟುವುದಿಲ್ಲ, ಆದರೂ ಆಸ್ಪತ್ರೆಗೆ ಹೋಗಲೇಬೇಕು. 108ಕ್ಕೆ ಸಿಗ್ನಲ್ ಎಲ್ಲಿ ಸಿಗುತ್ತದೆ ಎಂಬುದನ್ನು ಹತ್ತುವಾಗಲೇ ಗುರುತು ಮಾಡಿಕೊಳ್ಳಿ.

ಮೇ ತಿಂಗಳ ಮಧ್ಯಾಹ್ನ ಹುಲ್ಲುಗುಡ್ಡದ ಏಣಿನ ಮೇಲೆ ಲೋಹದ ಹಿಡಿಯ ಬಲೆ ಎತ್ತಿ ನಿಲ್ಲುವುದು ಸಿಡಿಲನ್ನು ಕರೆದಂತೆ. ಮಿಂಚಿಗೂ ಗುಡುಗಿಗೂ ನಡುವೆ ಮೂವತ್ತು ಎಣಿಸಲು ಆಗದಿದ್ದರೆ ಏಣು ಬಿಟ್ಟು ಇಳಿಯಿರಿ. ಒಂಟಿ ಮರದಡಿ ನಿಲ್ಲಬೇಡಿ.

ಹಂತ 6: ಹಗಲಿನ ಸಂಗ್ರಹ

ದಿನದ ಕ್ರಮ ಹೀಗಿರಲಿ: ಬೆಳಿಗ್ಗೆ ಬಲೆ ನೆಡುವುದು, ಬಿಸಿಲೇರಿದ ಮೇಲೆ ಬೀಸುವುದು, ಮಧ್ಯಾಹ್ನ ಮೂರಕ್ಕೆ ನಿಲ್ಲಿಸಿ ಲೇಬಲ್. ಹುಲ್ಲಿನ ಮೇಲೆ ಇಬ್ಬನಿ ಇರುವಾಗ ಬೀಸಿದರೆ ಬಲೆ ಒದ್ದೆಯಾಗಿ ಹುಳ ಮುದ್ದೆಯಾಗುತ್ತದೆ. ಹತ್ತು ಗಂಟೆಯವರೆಗೆ ಕಾಯಿರಿ, ಆ ಹೊತ್ತಿನಲ್ಲಿ ನೆಲದ ಬಲೆ ಹೂಳಿ.

ನೆಲದ ಬಲೆ ಎಂದರೆ 8ರಿಂದ 10 ಸೆಂ.ಮೀ. ಬಾಯಿಯ ಪ್ಲಾಸ್ಟಿಕ್ ಲೋಟ. ಒಂದು ಜಾಗಕ್ಕೆ ಹತ್ತು, ಒಂದಕ್ಕೊಂದು 10 ಮೀಟರ್ ದೂರ. ಲೋಟದ ಅಂಚು ಮಣ್ಣಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಕೆಳಗಿರಬೇಕು. ಅಂಚು ಮೇಲೆ ಎದ್ದಿದ್ದರೆ ದುಂಬಿ ಬಳಸಿ ಹೋಗುತ್ತದೆ, ಖಾಲಿ ಲೋಟಕ್ಕೆ ನೂರಕ್ಕೆ ತೊಂಬತ್ತು ಸಲ ಇದೇ ಕಾರಣ ಎನ್ನಬಹುದು. ಒಳಗೆ ಎರಡು ಬೆರಳು ಉಪ್ಪುನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು. ಸೋಪು ನೀರಿನ ಬಿಗಿ ಮುರಿಯುತ್ತದೆ, ಹುಳ ಮುಳುಗುತ್ತದೆ. ವಾಹನದ ಕೂಲಂಟ್ ಹಾಕುವವರಿದ್ದಾರೆ, ಖಂಡಿತ ಬೇಡ: ಅದು ಸಿಹಿ, ದನವೂ ಕಾಡುಪ್ರಾಣಿಯೂ ಕುಡಿದು ಸಾಯುತ್ತವೆ. ಮೇಲಿನಿಂದ ಎರಡು ಇಂಚು ಕೆಳಗೆ ಸಣ್ಣ ತೂತು ಕೊರೆದು ಬಟ್ಟೆ ಅಂಟಿಸಿ, ಮಳೆ ಬಂದರೆ ಹೆಚ್ಚಾದ ನೀರು ಹೊರಗೆ ಹೋಗಲಿ. ಚಾವಣಿಗೆ ಅಡಿಕೆ ಹಾಳೆಯ ತುಂಡು, ಮೂರು ಕಡ್ಡಿಯ ಮೇಲೆ. ಪ್ಲಾಸ್ಟಿಕ್ ತಟ್ಟೆಗಿಂತ ಒಳ್ಳೆಯದು, ಮಂಗಕ್ಕೂ ಕಾಣುವುದಿಲ್ಲ. 48 ಗಂಟೆಗೆ ತೆಗೆಯಿರಿ, ಗುಂಡಿ ಮುಚ್ಚಿ ಬನ್ನಿ. ಎಣಿಸಿ ಹೂಳಿ, ಎಣಿಸಿ ತೆಗೆಯಿರಿ. ಮರೆತ ಒಂದು ಲೋಟ ವರ್ಷಗಟ್ಟಲೆ ಹುಳ ಕೊಲ್ಲುತ್ತಿರುತ್ತದೆ.

ಹಳದಿ ತಟ್ಟೆ ಇನ್ನೂ ಸುಲಭ. ಢಾಳಾದ ಹಳದಿ ಪ್ಲಾಸ್ಟಿಕ್ ಬಟ್ಟಲು, ಅರ್ಧ ನೀರು, ಒಂದು ಹನಿ ಸೋಪು, ಬಿಸಿಲು ಬೀಳುವ ಬಯಲಲ್ಲಿ. ಸಣ್ಣ ಕಣಜ, ನೊಣ ಇಳಿಯುತ್ತವೆ. ಸಂಜೆಗೆ ಚಹಾ ಸೋಸುವ ಜಾಲರಿಯಲ್ಲಿ ಸೋಸಿ, ಸೋಪು ತೊಳೆದು, ಆಲ್ಕೊಹಾಲ್‌ಗೆ. ರಾತ್ರಿ ಬಿಟ್ಟರೆ ಕೊಳೆಯುತ್ತದೆ.

ಶೋಲಾ ಕಾಡಿಗೂ (ಗುಡ್ಡದ ಕಣಿವೆಗಳಲ್ಲಿ ಬೆಳೆಯುವ ಕುಳ್ಳ ಮರಗಳ ನಿತ್ಯಹಸಿರು ಕಾಡು) ಹುಲ್ಲುಗಾವಲಿಗೂ ನಡುವಿನ ಅಂಚಿನಲ್ಲಿ ಹುಳ ಸಮೃದ್ಧ, ಹೊಸಬರು ಅಲ್ಲೇ ಉಳಿದುಬಿಡುತ್ತಾರೆ. ಅಂಚಿನದ್ದು, ಕಾಡಿನೊಳಗಿನದ್ದು, ಬಯಲಿನದ್ದು ಮೂರನ್ನೂ ಬೇರೆ ಬೇರೆ ಸೀಸೆಗೆ ಹಾಕಿ. ಒಂದೇ ಸೀಸೆಗೆ ಬೆರೆತರೆ ಮತ್ತೆ ಬಿಡಿಸಲು ಯಾರಿಂದಲೂ ಆಗದು.

ಹಂತ 7: ರಾತ್ರಿ ಪರದೆ

ಎರಡು ಮರಕ್ಕೆ ಹಗ್ಗ, ಹಗ್ಗಕ್ಕೆ ಬಿಳಿ ಹತ್ತಿಬಟ್ಟೆ. ಹೊಸ ಪಂಚೆಯೇ ಆದೀತು, ಒಂದು ತುದಿ ನೆಲದ ಮೇಲೆ ಒಂದು ಮೀಟರ್ ಹಾಸುವಷ್ಟು ಉದ್ದವಿರಲಿ, ದುಂಬಿಗಳು ಬಡಿದು ಕೆಳಗೆ ಬೀಳುತ್ತವೆ. ಕಣಿವೆಗೆ ಮುಖ ಮಾಡಿ ಕಟ್ಟಿ, ಆದರೆ ಗಾಳಿಗೆ ಬೆನ್ನಾಗಿ. ನೆತ್ತಿಯ ಮೇಲಿನ ಜಾಗ ಚೆನ್ನಾಗಿ ಕಾಣುತ್ತದೆ ಎಂದು ಅಲ್ಲಿ ಕಟ್ಟುವುದು ಮಾಮೂಲಿ ತಪ್ಪು, ಗಾಳಿಗೆ ಪತಂಗ ಕೂರುವುದಿಲ್ಲ. ನೆತ್ತಿಯಿಂದ ಐವತ್ತು ಹೆಜ್ಜೆ ಕೆಳಗೆ, ಮರೆಯಲ್ಲಿ ಕಟ್ಟಿ.

ದೀಪ 160 ವಾಟ್‌ನ ಪಾದರಸ ಆವಿ ದೀಪ, ಪರದೆಯಿಂದ ಒಂದು ಅಡಿ ಮುಂದೆ. ಜನರೇಟರ್ 25 ಮೀಟರ್ ದೂರ. ಈ ದೀಪದ ಗಾಜು ಸುಡುವಷ್ಟು ಕಾಯುತ್ತದೆ, ಮಂಜಿನ ತಣ್ಣನೆ ಹನಿ ಬಿದ್ದರೆ ಒಡೆದು ಚೂರಾಗುತ್ತದೆ. ಮೇಲೆ ಮುಚ್ಚಳ ಇರಲೇಬೇಕು. ಒಮ್ಮೆ ಆರಿದರೆ ತಣಿದ ಮೇಲೆಯೇ ಮತ್ತೆ ಹತ್ತುತ್ತದೆ, ಸ್ವಿಚ್ ಒತ್ತುತ್ತಾ ಕೂರಬೇಡಿ. ಹೊತ್ತೊಯ್ಯಲು ಆಗದ ಜಾಗಕ್ಕೆ ಪವರ್‌ಬ್ಯಾಂಕ್‌ಗೆ ಹಾಕುವ ನೇರಳಾತೀತ ಎಲ್‌ಇಡಿ ದೀಪ ಸಾಕು. ಯಾವ ದೀಪವಾದರೂ ನೇರಳಾತೀತ ತಡೆಯುವ ಕನ್ನಡಕ ಹಾಕಿ. ಹಾಕದವರ ಕಣ್ಣು ಬೆಳಗಿನ ಜಾವಕ್ಕೆ ಮರಳು ತುಂಬಿದಂತೆ ಉರಿಯುತ್ತದೆ. ಕಿವಿಗೆ ಹತ್ತಿ.

ಸುತ್ತ ನೂರಾರು ಮೀಟರಿನೊಳಗೆ ಹೆಜ್ಜೇನು ಗೂಡಿದೆಯೇ ಎಂದು ಹಗಲಲ್ಲೇ ನೋಡಿಟ್ಟುಕೊಳ್ಳಿ. ಹೆಜ್ಜೇನು ರಾತ್ರಿಯೂ ಬೆಳಕಿಗೆ ಬರುತ್ತದೆ. ಹತ್ತಿಪ್ಪತ್ತು ಬಂದರೆ ದೀಪ ಆರಿಸಿ ದೂರ ಸರಿಯಿರಿ. ಕಿತ್ತಳೆ ಮತ್ತು ಕಪ್ಪು ಪಟ್ಟೆಯ, ಇರುವೆಯಂತೆ ಕಾಣುವ ಸಣ್ಣ ದುಂಬಿ ಕತ್ತಿನ ಮೇಲೆ ಕೂತರೆ ಉಜ್ಜಬೇಡಿ, ಊದಿ ಹಾರಿಸಿ. ಜಜ್ಜಿದರೆ ಅದರ ರಸಕ್ಕೆ ಮರುದಿನ ಚರ್ಮ ಬೊಬ್ಬೆ ಏಳುತ್ತದೆ.

ಸಂಜೆ ಏಳಕ್ಕೆ ಹಚ್ಚಿ. ಒಂಬತ್ತಕ್ಕೆ ಜನ ಬೇಸತ್ತು ಮಲಗುತ್ತಾರೆ, ದೊಡ್ಡ ಪತಂಗಗಳು ಎಷ್ಟೋ ಸಲ ನಡುರಾತ್ರಿ ದಾಟಿದ ಮೇಲೆಯೇ ಬರುತ್ತವೆ. ಎರಡೆರಡು ಗಂಟೆ ಪಾಳಿ ಹಾಕಿಕೊಳ್ಳಿ. ಒಂದು ಜಾತಿಗೆ ನಾಲ್ಕೈದು ಸಾಕು, ಅನುಮತಿಯ ಮಿತಿ ಅದಕ್ಕಿಂತ ಕಡಿಮೆಯಿದ್ದರೆ ಅದೇ ಕೊನೆ. ಬೆಳಗಾಗಲು ಒಂದು ಗಂಟೆ ಇರುವಾಗ ದೀಪ ಆರಿಸಿ ಬಟ್ಟೆ ಮೆಲ್ಲಗೆ ಕೊಡವಿ. ಹಾಗೇ ಬಿಟ್ಟರೆ ಬೆಳಗಾಗುತ್ತಲೇ ಹಕ್ಕಿಗಳು ಬಂದು ಪರದೆಯನ್ನು ತಿಂಡಿತಟ್ಟೆ ಮಾಡಿಕೊಳ್ಳುತ್ತವೆ.

ಹಂತ 8: ಕೊಲ್ಲುವುದು ಮತ್ತು ಇಡುವುದು

ಗಾಜಿನ ಸೀಸೆಯ ತಳಕ್ಕೆ ಒಂದು ಇಂಚು ಪ್ಲಾಸ್ಟರ್ ಆಫ್ ಪ್ಯಾರಿಸ್ ಹುಯ್ದು ಪೂರ್ತಿ ಒಣಗಿಸಿ. ಅದರ ಮೇಲೆ ಒಂದು ಚಮಚ ಈಥೈಲ್ ಅಸಿಟೇಟ್ (ಇದರ ಆವಿಗೆ ಹುಳ ಸಾಯುತ್ತದೆ), ಹೀರಿದ ಮೇಲೆ ಉಳಿದದ್ದನ್ನು ಚೆಲ್ಲಿ. ಮೇಲೆ ಟಿಶ್ಯೂ ಚೂರು. ಥರ್ಮೊಕೋಲ್ ಮತ್ತು ಕೆಲವು ಗಟ್ಟಿ ಪ್ಲಾಸ್ಟಿಕ್ ಇದಕ್ಕೆ ಕರಗುತ್ತವೆ, ಗಾಜೇ ಬೇಕು. ಪತಂಗಕ್ಕೆ ಒಂದು ಸೀಸೆ, ದುಂಬಿಗೆ ಇನ್ನೊಂದು. ಒಟ್ಟಿಗೆ ಹಾಕಿದರೆ ಪತಂಗದ ಪುಡಿ ಎಲ್ಲಕ್ಕೂ ಮೆತ್ತುತ್ತದೆ, ದುಂಬಿ ಒದ್ದಾಡಿ ರೆಕ್ಕೆ ಹರಿಯುತ್ತದೆ. ದುಂಬಿ ಸತ್ತಂತೆ ಕಂಡರೂ ಎದ್ದು ನಡೆಯುತ್ತದೆ, ಕೆಲವು ಗಂಟೆ ಬಿಡಿ. ಸೈನೈಡ್ ಎಂದು ಹಳೆಯ ಪುಸ್ತಕ ನೋಡಿ ಕೇಳುವವರಿಗೆ: ಬೇಡ.

ಚಿಟ್ಟೆಯ ಎದೆಯನ್ನು ರೆಕ್ಕೆಯ ಬುಡದಡಿ ಎರಡು ಬೆರಳಲ್ಲಿ ಒಮ್ಮೆ ಒತ್ತಿ, ರೆಕ್ಕೆ ಮಡಚಿ ಪೊಟ್ಟಣಕ್ಕೆ. ಚಿಟ್ಟೆ ಪತಂಗಗಳನ್ನು ಆಲ್ಕೊಹಾಲ್‌ಗೆ ಹಾಕಬಾರದು. ಕಂಬಳಿಹುಳ ಮತ್ತು ಮೆತ್ತನೆ ಮರಿಹುಳಗಳನ್ನು ನೇರ ಆಲ್ಕೊಹಾಲ್‌ಗೆ ಹಾಕಿದರೆ ಕಪ್ಪಾಗುತ್ತವೆ. ಕುದಿಯುವುದು ನಿಂತ ಬಿಸಿನೀರಿನಲ್ಲಿ ಒಂದು ನಿಮಿಷ ಅದ್ದಿ ಆಮೇಲೆ ಹಾಕಿ. ದೊಡ್ಡ ಮಿಡತೆಯ ಹೊಟ್ಟೆ ಸೀಳಿ ಒಳಗಿನದನ್ನು ತೆಗೆದು ಹತ್ತಿ ತುಂಬಿ, ಇಲ್ಲವಾದರೆ ಕೊಳೆತು ಬಣ್ಣ ಹೋಗುತ್ತದೆ. ಏರೋಪ್ಲೇನ್ ಚಿಟ್ಟೆಯನ್ನು ಪೊಟ್ಟಣದಲ್ಲಿ ಕೆಲವು ಗಂಟೆ ಜೀವಂತ ಇಟ್ಟು ಹೊಟ್ಟೆ ಖಾಲಿಯಾದ ಮೇಲೆ ಕೊಂದು ಒಂದು ದಿನ ಅಸಿಟೋನ್‌ನಲ್ಲಿಡಿ, ಬಣ್ಣ ಉಳಿಯುತ್ತದೆ.

ಸೀಸೆಯಲ್ಲಿ ಒಂದು ಪಾಲು ಹುಳಕ್ಕೆ ಮೂರು ಪಾಲು ಆಲ್ಕೊಹಾಲ್ ಇರಲಿ. ಹುಳದ ಮೈನೀರು ಬೆರೆತು ಅದು ಸಪ್ಪೆಯಾಗುತ್ತದೆ, ಮರುದಿನ ಬದಲಿಸಲೇಬೇಕು. ಸೀಸೆ ತೆರೆದಾಗ ಕೆಟ್ಟ ವಾಸನೆ, ಕಂದು ಬಣ್ಣ ಕಂಡರೆ ತಡವಾಗಿದೆ.

ಹಂತ 9: ಲೇಬಲ್, ಅದೇ ರಾತ್ರಿ

ಲೇಬಲ್ ಇಲ್ಲದ ಹುಳ ಎಷ್ಟೇ ಅಪರೂಪದ್ದಾದರೂ ಸಂಗ್ರಹಾಲಯ ತೆಗೆದುಕೊಳ್ಳುವುದಿಲ್ಲ. ನಾಳೆ ಬರೆಯುವೆ ಎಂದವರ ಸೀಸೆಗಳು ನಾಳೆಗೆ ಒಂದಕ್ಕೊಂದು ಬದಲಾಗಿರುತ್ತವೆ. ಲೇಬಲನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯುವುದು ರೂಢಿ. ಅದರಲ್ಲಿರಬೇಕಾದ ಕ್ರಮವನ್ನು ಇಲ್ಲಿ ಕನ್ನಡದಲ್ಲಿ ತೋರಿಸಿದೆ:

ಇಂಡಿಯಾ: ಕರ್ನಾಟಕ: ಶಿವಮೊಗ್ಗ ಜಿ., ಹೊಸನಗರ ತಾ., ಕೊಡಚಾದ್ರಿ
13.8606 ಉ., 74.8747 ಪೂ., 1300 ಮೀ.
2–3.ಎಕ್ಸ್.2024, ಪಾದರಸ ದೀಪ, ಶೋಲಾ ಅಂಚು
ಸಂಗ್ರಹ: (ಹೆಸರು)

ತಿಂಗಳಿಗೆ ರೋಮನ್ ಅಂಕಿ ಏಕೆಂದರೆ 2.10 ಎಂದು ಬರೆದರೆ ಅಕ್ಟೋಬರ್ 2 ಎಂದು ನಾವು ಓದುತ್ತೇವೆ, ಅಮೆರಿಕದವರು ಫೆಬ್ರವರಿ 10 ಎಂದು ಓದುತ್ತಾರೆ. ಅಕ್ಷಾಂಶ ರೇಖಾಂಶಕ್ಕೆ ನಾಲ್ಕು ದಶಮಾಂಶ ಬೇಕು. ಎರಡಕ್ಕೇ ನಿಲ್ಲಿಸಿದರೆ ಒಂದು ಕಿಲೊಮೀಟರಿನಷ್ಟು ಆಚೀಚೆ, ಗುಡ್ಡದಲ್ಲಿ ಅಷ್ಟರೊಳಗೆ ಕಾಡೇ ಬದಲಾಗಿರುತ್ತದೆ. ಫೋನು ತೋರಿಸುವ ಎತ್ತರ ಹತ್ತಾರು ಮೀಟರ್ ತಪ್ಪಿರಬಹುದು, ಸರ್ವೆ ಆಫ್ ಇಂಡಿಯಾ ನಕ್ಷೆಯ ಜೊತೆ ತಾಳೆ ನೋಡಿ. 'ಕೊಡಚಾದ್ರಿ ಹತ್ತಿರ' ಎಂದು ಬರೆಯುವುದೂ ಬರೆಯದಿರುವುದೂ ಒಂದೇ.

ಪೆನ್ಸಿಲ್‌ನಲ್ಲಿ ಬರೆದು ಸೀಸೆಯ ಒಳಗೆ ಹಾಕಿ. ಬಾಲ್‌ಪೆನ್ನು ಆಲ್ಕೊಹಾಲ್‌ಗೆ ಕರಗುತ್ತದೆ, ಮುಚ್ಚಳದ ಮೇಲಿನ ಮಾರ್ಕರ್ ಒಂದು ಹನಿ ಸೋರಿದರೂ ಅಳಿಸುತ್ತದೆ. ಪೊಟ್ಟಣಕ್ಕೆ ಹುಳ ಹಾಕುವ ಮೊದಲೇ ಬರೆಯಿರಿ, ಆಮೇಲೆ ಬರೆದರೆ ಪೆನ್ಸಿಲ್ ಒತ್ತಿಗೆ ಕಾಲು ಮುರಿಯುತ್ತದೆ.

ಹಂತ 10: ಒಣಗಿಸುವುದು

ಮಲೆನಾಡಿನ ಸಂಗ್ರಹ ಕೆಡುವುದು ಹೆಚ್ಚಾಗಿ ಇಲ್ಲೇ. ಬಯಲುಸೀಮೆಯ ಪುಸ್ತಕ ಹೇಳುವಂತೆ ನೆರಳಲ್ಲಿಟ್ಟರೆ ಒಣಗುವುದಿಲ್ಲ, ಬೂಷ್ಟು ಬೆಳೆಯುತ್ತದೆ. ಬಿಡಾರದಲ್ಲಿ ಪೊಟ್ಟಣಗಳನ್ನು ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳು ಗುಲಾಬಿಯಾದರೆ ನೀರು ಕುಡಿದಿದೆ, ಬಾಣಲೆಯಲ್ಲಿ ಸಣ್ಣ ಉರಿಗೆ ಮತ್ತೆ ನೀಲಿಯಾಗುವವರೆಗೆ ಕಾಯಿಸಿ. ಆ ಬಾಣಲೆ ಮತ್ತೆ ಅಡುಗೆಗೆ ಬೇಡ.

ಮನೆಗೆ ಬಂದಮೇಲೆ ಒಣಗು ಪೆಟ್ಟಿಗೆ: ಮರದ ಪೆಟ್ಟಿಗೆಯ ತಳದಲ್ಲಿ 40 ವಾಟ್‌ನ ತಂತಿ ಬಲ್ಬು, ಮೇಲೂ ಕೆಳಗೂ ತೂತು, ನಡುವೆ ಜಾಲರಿ. ಒಳಗೆ 40ರಿಂದ 45 ಡಿಗ್ರಿ. ಎಲ್‌ಇಡಿ ಬಲ್ಬು ಸಾಕಷ್ಟು ಬಿಸಿಯಾಗುವುದಿಲ್ಲ. ಅಟ್ಟದ ಮೇಲೆ ಹಂಡೆ ಒಲೆಯ ಬಿಸಿಗೆ ಇಡುವ ಯೋಚನೆ ಎಲ್ಲರಿಗೂ ಬರುತ್ತದೆ, ಮಸಿ ರೆಕ್ಕೆಗೆ ಕೂತರೆ ಹೋಗುವುದಿಲ್ಲ. ಅಡಿಕೆ ಡ್ರೈಯರ್‌ನ ಶಾಖ ಜಾಸ್ತಿ, ಕಾಲು ಮೀಸೆ ಮುಟ್ಟಿದರೆ ಉದುರುತ್ತವೆ. ಪಿನ್ ಮಾಡಿದ ದುಂಬಿಗೆ (ಪಿನ್ ಮಾಡುವ ಬಗೆ ಹಂತ 11ರಲ್ಲಿದೆ) ಒಂದು ವಾರ, ರೆಕ್ಕೆ ಬಿಡಿಸಿದ ಪತಂಗಕ್ಕೆ ಎರಡು ವಾರ. ಒಣಗಿದೆಯೇ ಎಂದು ನೋಡಲು ಸೂಜಿಯಿಂದ ಹೊಟ್ಟೆಯನ್ನು ಮೆಲ್ಲಗೆ ತಾಗಿಸಿ: ಹೊಟ್ಟೆ ಮಾತ್ರ ಅಲ್ಲಾಡಿದರೆ ಹಸಿ, ಇಡೀ ಹುಳ ಒಟ್ಟಿಗೆ ಅಲುಗಿದರೆ ಒಣಗಿದೆ.

ಮೇಜಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ. ಇರುವೆ ಒಂದೇ ರಾತ್ರಿಯಲ್ಲಿ ನಲವತ್ತು ಚಿಟ್ಟೆಯ ಮೈ ಖಾಲಿ ಮಾಡಿ ರೆಕ್ಕೆ ಬಿಟ್ಟುಹೋಗುತ್ತದೆ.

ಹಂತ 11: ಪಿನ್

ಕೀಟದ ಪಿನ್ 38 ಮಿ.ಮೀ. ಉದ್ದ, ಸ್ಟೇನ್‌ಲೆಸ್ ಸ್ಟೀಲ್, ಹೆಚ್ಚಿನ ಕೆಲಸಕ್ಕೆ 2ನೇ ನಂಬರ್. ಹೊಲಿಗೆಯ ಗುಂಡುಪಿನ್ ನಮ್ಮ ಹವೆಗೆ ತುಕ್ಕು ಹಿಡಿದು ಹುಳವನ್ನೇ ಸೀಳುತ್ತದೆ. ದುಂಬಿಗೆ ಬಲ ಮೇಲ್ರೆಕ್ಕೆಯ ಮೇಲ್ಭಾಗದಲ್ಲಿ, ತಿಗಣೆ ಜಾತಿಗೆ ಬೆನ್ನಿನ ತ್ರಿಕೋನದ ಬಲಕ್ಕೆ, ಮಿಡತೆಗೆ ಕತ್ತಿನ ಪಟ್ಟಿಯ ಹಿಂಭಾಗದಲ್ಲಿ ಬಲಕ್ಕೆ, ನೊಣ ಕಣಜಕ್ಕೆ ಎದೆಯ ನಡುಗೆರೆಯಿಂದ ಬಲಕ್ಕೆ, ಚಿಟ್ಟೆ ಪತಂಗಕ್ಕೆ ಎದೆಯ ನಟ್ಟನಡುವೆ. ಬಲಕ್ಕೇ ಏಕೆಂದರೆ ಒಂದು ಬದಿ ಪೂರ್ತಿ ಉಳಿಯಬೇಕು. ಹುಳದ ಮೇಲೆ ಪಿನ್ 10 ಮಿ.ಮೀ. ಉಳಿಯಲಿ, ಹಿಡಿಯಲು ಬೇಕು. ಐದು ಮಿ.ಮೀ.ಗಿಂತ ಚಿಕ್ಕದನ್ನು ಚುಚ್ಚದೆ ತ್ರಿಕೋನ ಕಾರ್ಡಿನ ತುದಿಗೆ ನೀರಿನಲ್ಲಿ ಕರಗುವ ಅಂಟಿನಿಂದ ಬಲಬದಿಗೆ ಅಂಟಿಸಿ.

ಒಣಗಿದ ಹುಳವನ್ನು ಮೆತ್ತಗಾಗಿಸಲು ಒದ್ದೆ ಮರಳಿನ ಡಬ್ಬದಲ್ಲಿ ಒಂದೆರಡು ದಿನ ಇಡುತ್ತಾರೆ. ಜುಲೈಯಲ್ಲಿ ತೀರ್ಥಹಳ್ಳಿಯವರಿಗೆ ಆ ಡಬ್ಬ ಬೇಡ, ಕಿಟಕಿ ತೆರೆದರೆ ಸಾಕು.

ಹಂತ 12: ಪೆಟ್ಟಿಗೆ ಒಪ್ಪಿಸುವುದು

ಸಂಗ್ರಹ ತಿನ್ನುವ ಹುಳ ಒಳಗಿದ್ದರೆ ಇಡೀ ಸಂಗ್ರಹಾಲಯಕ್ಕೆ ಹರಡುತ್ತದೆ. ಪಿನ್ನಿನ ಬುಡದಲ್ಲಿ ಕಂದು ಪುಡಿ ಬಿದ್ದಿದ್ದರೆ ಅದರ ಗುರುತು. ಪೆಟ್ಟಿಗೆಯನ್ನು ಪ್ಲಾಸ್ಟಿಕ್‌ನಲ್ಲಿ ಬಿಗಿಯಾಗಿ ಸುತ್ತಿ, ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ನಡುವೆ ದಿನವಿಡೀ ಕರೆಂಟ್ ಹೋಗಿದ್ದರೆ ಮೊದಲಿನಿಂದ ಎಣಿಸಿ. ಹೊರತೆಗೆದ ಮೇಲೆ ಸುತ್ತಿದ್ದನ್ನು ಬಿಚ್ಚದೆ ಒಂದು ದಿನ ಬಿಡಿ, ಇಲ್ಲವಾದರೆ ಒಳಗೆಲ್ಲ ಬೆವರುತ್ತದೆ.

ದೊಡ್ಡ ಹುಳದ ಎರಡೂ ಬದಿಗೆ ಅಡ್ಡಪಿನ್ ಹಾಕಿ. ಒಂದು ತಿರುಗಿದರೆ ಸುತ್ತಲಿನ ಹತ್ತನ್ನು ಒಡೆಯುತ್ತದೆ. ಪೆಟ್ಟಿಗೆಯ ಸುತ್ತ ನಾಲ್ಕು ಬೆರಳು ಸ್ಪಂಜು ಇಟ್ಟು ಇನ್ನೊಂದು ಪೆಟ್ಟಿಗೆಗೆ ಇಳಿಸಿ, ಕೊರಿಯರ್‌ಗೆ ಕೊಡದೆ ಕೈಯಲ್ಲೇ ಒಯ್ಯಿರಿ. ರೈಲಿನಲ್ಲಿ ಆಲ್ಕೊಹಾಲ್ ಸಾಗಿಸುವಂತಿಲ್ಲ. ಸೀಸೆಯ ಮಾದರಿಗಳು ಸಂಸ್ಥೆಯ ವಾಹನದಲ್ಲೇ ಹೋಗಬೇಕು.

ಎಲ್ಲಿಗೆ ಎಂಬುದು ಅನುಮತಿಯಲ್ಲೇ ಇರುತ್ತದೆ: ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ, ಕೃಷಿ ವಿಶ್ವವಿದ್ಯಾಲಯದ ಸಂಗ್ರಹ, ಅಥವಾ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಕಲ್ಲಿಕೋಟೆ ಕೇಂದ್ರ. ಒಪ್ಪಿಸುವಾಗ ಮಾದರಿಗಳ ಪಟ್ಟಿಯ ಎರಡು ಪ್ರತಿ ಕೊಟ್ಟು, ಒಂದರ ಮೇಲೆ ದಾಖಲೆ ಸಂಖ್ಯೆ ಬರೆಸಿಕೊಳ್ಳಿ. ಆ ಪಟ್ಟಿಯ ಪ್ರತಿಯೊಂದಿಗೆ ಅನುಮತಿ ಕೊಟ್ಟ ಕಚೇರಿಗೂ ವಲಯ ಅರಣ್ಯಾಧಿಕಾರಿಗೂ ವರದಿ ಹೋಗಬೇಕು. ಇದನ್ನು ಮರೆತ ತಂಡದ ಮುಂದಿನ ವರ್ಷದ ಅರ್ಜಿ ಮೇಜಿನ ಮೇಲೆ ಬಹಳ ದಿನ ಕೂರುತ್ತದೆ.